ನಾಲ್ಕನೇ ಮಹಡಿಯ ನೆಲಗಪ್ಪೆ

ಮೊನ್ನೆ ಭಾನುವಾರ ಮಗಳು ಬೆಂಗಳೂರಿನಿಂದ ಫೋನು ಮಾಡಿದಳು. ಅಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ. ನಾನು ಕರ್ನಾಟಕ ಬಿಟ್ಟು ಇಲ್ಲಿಗೆ ಬಂದೆ, ಅವಳು ಇದನ್ನು ಬಿಟ್ಟು ಕರ್ನಾಟಕಕ್ಕೆ ಹೋದಳು. ನಮ್ಮಿಬ್ಬರಲ್ಲಿ ಹೊರನಾಡಿನವರು ಯಾರು ಎಂದು ಆಗಾಗ ತಮಾಷೆ ಮಾಡಿಕೊಳ್ಳುತ್ತೇವೆ. ಅವತ್ತು ಅವಳು ತಮಾಷೆಗೆ ಸಿಗಲಿಲ್ಲ.

"ಅಪ್ಪ, ಒಂದು ಕಪ್ಪೆ ತಗೊಳ್ಳಲಾ?"

ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ ನೋಡಿದಳಂತೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೆಂಗಿನ ನಾರಿನ ಪುಡಿ, ಅದರಲ್ಲಿ ಅರ್ಧ ಹೂತುಕೊಂಡು ಕೂತ ಹಸಿರು ಕಪ್ಪೆ. ಮೈಗಿಂತ ಬಾಯಿಯೇ ದೊಡ್ಡದು. ಅದಕ್ಕೇ ಹಳೆಯ ವಿಡಿಯೋ ಗೇಮಿನ ಹೆಸರಿಟ್ಟು ಪ್ಯಾಕ್‌ಮ್ಯಾನ್ ಕಪ್ಪೆ ಅನ್ನುತ್ತಾರೆ. ಮೂಲ ಅರ್ಜೆಂಟೀನಾ, ಪರಾಗ್ವೆ ಕಡೆಯ ಬಯಲು. ಮರ ಹತ್ತುವ ಜಾತಿಯಲ್ಲ, ಈಜುವುದೂ ಅಷ್ಟಕ್ಕಷ್ಟೇ. ತರಗೆಲೆ, ಮಣ್ಣಿನಲ್ಲಿ ಮುಳುಗಿ, ಬಾಯಿಯ ಮುಂದೆ ಯಾವುದಾದರೂ ಹುಳ ಹಾಯಲಿ ಎಂದು ದಿನಗಟ್ಟಲೆ ಕಾಯುವ ನೆಲದ ಪ್ರಾಣಿ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ.

"ಇದು ಹಿಡಿದು ತಂದದ್ದಲ್ಲಪ್ಪ. ಇದರ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲ ಡಬ್ಬೀಲೇ ಹುಟ್ಟಿದ್ದಂತೆ. ಕೆರೆ ಅಂದ್ರೆ ಏನು ಅಂತಲೇ ಗೊತ್ತಿಲ್ಲ ಇದಕ್ಕೆ. ನಮ್ಮ ಗುಂಡನ ಹಾಗಲ್ಲ. ಊರೇ ಇಲ್ಲದ್ದನ್ನ ಸಾಕಿದ್ರೆ ತಪ್ಪಾ?"

ಇಪ್ಪತ್ತೆರಡು ವರ್ಷದ ಹುಡುಗಿ, ತನ್ನ ಸಂಬಳದಲ್ಲಿ ಏನು ಬೇಕಾದರೂ ಕೊಂಡುಕೊಳ್ಳಬಹುದು. ಆದರೂ ಕೇಳಿದಳು. ಗುಂಡನ ವಿಷಯ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ ಎಂದು ಆಗ ಗೊತ್ತಾಯಿತು. "ಯೋಚಿಸಿ ಹೇಳ್ತೀನಿ" ಅಂದೆ.

ಗುಂಡ ನಮ್ಮ ಮನೆಗೆ ಬಂದದ್ದು 2011ರ ಜೂನಿನಲ್ಲಿ. ಸಾಗರದ ಹತ್ತಿರದ ನಮ್ಮ ಊರಿನಿಂದ ವಾಪಸು ಬರುವಾಗ ಅಮ್ಮ ಡೇರೆ ಗಡ್ಡೆಗಳನ್ನು ಮಣ್ಣು ಸಮೇತ ಗೋಣಿಚೀಲಕ್ಕೆ ತುಂಬಿ ಕೊಟ್ಟಿದ್ದಳು. ಒಂದು ರಾತ್ರಿ, ಅರ್ಧ ಹಗಲು ಬಸ್ಸಿನ ಹೊಟ್ಟೆಯಲ್ಲಿ ಕುಲುಕಾಡಿದ ಚೀಲವನ್ನು ಬಾಲ್ಕನಿಯಲ್ಲಿ ಸುರಿದಾಗ ಮಣ್ಣಿನ ಹೆಂಟೆಯೊಂದು ಜಿಗಿಯಿತು. ಮಗಳು ಕಿರುಚಿದಳು. ಅಡಿಕೆ ಗಾತ್ರದ ನೆಲಗಪ್ಪೆ. ಮೈ ತುಂಬ ಗುಳ್ಳೆ, ಕಣ್ಣಿನ ಹಿಂದೆ ಎರಡು ಉಬ್ಬು. ನಮ್ಮ ಕಡೆ ಮಳೆಗಾಲದ ಸಂಜೆ ಅಂಗಳದಲ್ಲಿ ಕಾಲಿಗೆ ಸಿಗುವ, ದೀಪದ ಕೆಳಗೆ ಹುಳ ಹೆಕ್ಕಲು ಬರುವ, ಯಾರೂ ಎರಡನೇ ಸಲ ನೋಡದ ಅದೇ ಕಪ್ಪೆ. ಅಂಗಳದಲ್ಲಿ ಪೊರಕೆಯಿಂದ ಆಚೆ ತಳ್ಳುತ್ತಿದ್ದದ್ದನ್ನು ಇಲ್ಲಿ ಮನೆಮಂದಿಯೆಲ್ಲ ಸುತ್ತ ಕೂತು ನೋಡಿದೆವು. ನನಗಂತೂ ಅದರ ಮೈಮೇಲೆ ಅಂಟಿದ್ದ ಕೆಂಪು ಮಣ್ಣನ್ನು ಕಂಡೇ ಗಂಟಲು ಕಟ್ಟಿತು.

ಮುಂದಿನ ಸಲ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಬಿಡೋಣ ಎಂದು ತೀರ್ಮಾನವಾಯಿತು. ಮುಂದಿನ ಸಲ ಎಂದರೆ ದೀಪಾವಳಿ. ದೀಪಾವಳಿಗೆ ರಜೆ ಸಿಗಲಿಲ್ಲ. ಆಮೇಲೆ ಮೇ ತಿಂಗಳು ಎಂದಾಯಿತು. ಮೇನಲ್ಲಿ ಹೊಂಡಗಳೆಲ್ಲ ಒಣಗಿರುತ್ತವೆ, ಈಗ ಬೇಡ ಎಂದೆ. ಕಾರಣಗಳು ಸುಳ್ಳಲ್ಲ. ಆದರೆ ಕಾರಣ ಸಿಕ್ಕಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದೂ ಸುಳ್ಳಲ್ಲ.

ಸಾಕುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಹಳೆಯ ಮೀನಿನ ತೊಟ್ಟಿಗೆ ಮಣ್ಣು ತುಂಬಿ, ಒಡೆದ ಕುಂಡದ ಚೂರೊಂದನ್ನು ಗುಹೆಯ ಹಾಗೆ ಇಟ್ಟು, ತಟ್ಟೆಯಲ್ಲಿ ನಳದ ನೀರು ಹಾಕಿದೆವು. ಎರಡೇ ದಿನಕ್ಕೆ ಕಪ್ಪೆ ನೀರಿನ ಹತ್ತಿರ ಹೋಗುವುದನ್ನು ಬಿಟ್ಟಿತು, ಚರ್ಮ ಕೆಂಪಗಾಯಿತು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ನೀರಲ್ಲಿ ಕೂತು ಹೊಟ್ಟೆಯ ಕೆಳಗಿನ ಚರ್ಮದಿಂದ ಹೀರಿಕೊಳ್ಳುತ್ತದೆ ಎಂದು ಪ್ರಾಣಿ ವೈದ್ಯರೊಬ್ಬರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ನಮ್ಮ ನಳದ ನೀರಿಗೆ ಹಾಕುವ ಕ್ಲೋರಿನ್ ಅದರ ಮೈಯೊಳಕ್ಕೇ ಇಳಿಯುತ್ತಿತ್ತು. ಅಂದಿನಿಂದ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಒಂದು ದಿನ ತೆರೆದಿಟ್ಟು ಹಾಕತೊಡಗಿದೆವು. ಕೈಯಲ್ಲಿ ಎತ್ತಿಕೊಳ್ಳುವುದನ್ನೂ ಬಿಟ್ಟೆವು. ಕಪ್ಪೆ ಮುಟ್ಟಿದರೆ ನಮಗೆ ಗುಳ್ಳೆ ಏಳುತ್ತದೆ ಎಂಬ ಮಾತು ಸುಳ್ಳು. ನಮ್ಮ ಕೈಯ ಉಪ್ಪು, ಸೋಪು, ಎಣ್ಣೆಯಿಂದ ಅದಕ್ಕೇ ತೊಂದರೆ ಎಂಬುದು ನಿಜ.

ಆಮೇಲೆ ಊಟದ ಪ್ರಶ್ನೆ. ಅಲುಗಾಡದ್ದು ಅದಕ್ಕೆ ಆಹಾರವೇ ಅಲ್ಲ. ಸತ್ತ ಹುಳವನ್ನು ಮೂಗಿನ ಮುಂದಿಟ್ಟರೂ ಕಲ್ಲಿನ ಹಾಗೆ ಕೂತಿರುತ್ತದೆ. ಮುಂಬಯಿ ಕಡೆಯ ಮನೆಗಳಲ್ಲಿ ಜಿರಲೆಗೇನು ಬರ ಎಂದು ಒಂದೆರಡು ಹಿಡಿದು ಹಾಕಿದೆ. ನಮ್ಮ ಸೊಸೈಟಿಯವರು ಆಗಾಗ ಜಿರಲೆಗೆ ಮದ್ದು ಹೊಡೆಸುತ್ತಾರೆ ಎಂಬುದು ತಲೆಗೆ ಹೊಳೆಯಲಿಲ್ಲ. ಮದ್ದು ತಿಂದ ಜಿರಲೆ, ಅದನ್ನು ತಿಂದ ಕಪ್ಪೆ. ಗುಂಡ ಮೂರು ದಿನ ಕಾಲು ಎಳೆದುಕೊಂಡು ಬಿದ್ದಿತ್ತು. ಬದುಕಿದ್ದು ಅದರ ಪುಣ್ಯ. ಆ ಮೇಲೆ ಗೊಬ್ಬರದ ಡಬ್ಬಿಯಲ್ಲಿ ಎರೆಹುಳ ಬೆಳೆಸಿದೆವು. ಹೆಂಡತಿ ತರಕಾರಿ ಸಿಪ್ಪೆಯನ್ನು 'ಗುಂಡನ ಅಡುಗೆ' ಎಂದು ಬೇರೆ ಇಡುತ್ತಿದ್ದಳು. ಮೊದಲ ಮಳೆ ಬಿದ್ದ ಸಂಜೆ ಬೀದಿದೀಪದ ಕೆಳಗೆ ರೆಕ್ಕೆ ಗೆದ್ದಲು ಉದುರಿದಾಗ ಅಪ್ಪ ಮಗಳು ಪ್ಲಾಸ್ಟಿಕ್ ಚೀಲ ಹಿಡಿದು ಇಳಿಯುತ್ತಿದ್ದೆವು. ಕೆಳಗಿನ ಕಾವಲುಗಾರ ನಮ್ಮನ್ನು ಏನಂದುಕೊಂಡಿದ್ದನೋ.

ಅದು ತಿನ್ನುವುದನ್ನು ನೋಡಬೇಕು. ನಾಲಿಗೆಯ ಬುಡ ಬಾಯಿಯ ಮುಂದಿನ ತುದಿಯಲ್ಲಿದೆ, ಹಾಗಾಗಿ ಒಳಗಿನಿಂದ ಹೊರಕ್ಕೆ ಮಗುಚಿಕೊಂಡು ಬಂದು ಬಡಿಯುತ್ತದೆ. ನುಂಗುವಾಗ ಕಣ್ಣು ಮುಚ್ಚಿ ಗುಡ್ಡೆಗಳನ್ನು ಒಳಕ್ಕೆ ಎಳೆದುಕೊಂಡು, ಆ ಗುಡ್ಡೆಗಳಿಂದಲೇ ಆಹಾರವನ್ನು ಗಂಟಲಿಗೆ ನೂಕುತ್ತದೆ. ಕೆಲವು ದಿನಗಳಿಗೊಮ್ಮೆ ತನ್ನ ಚರ್ಮವನ್ನೇ ಅಂಗಿಯ ಹಾಗೆ ಬಿಚ್ಚಿ ನುಂಗುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ನಾನು ತೊಟ್ಟಿಯ ಗಾಜಿಗೆ ಚಿಮುಟದಿಂದ ತಟ್ಟಿದರೆ ಗುಹೆಯಿಂದ ಹೊರಗೆ ಬರುತ್ತಿತ್ತು. "ಅಪ್ಪನ ಗುರುತು ಹಿಡೀತದೆ!" ಎಂದು ಮಗಳು ಕುಣಿದಳು. ನನಗೂ ಹಾಗೇ ಅನ್ನಿಸಬೇಕಿತ್ತು. ಒಂದು ದಿನ ಪಕ್ಕದ ಮನೆಯ ಹುಡುಗನ ಕೈಗೆ ಚಿಮುಟ ಕೊಟ್ಟೆ. ಅವನು ತಟ್ಟಿದರೂ ಬಂತು.

ಕನ್ನಡದಲ್ಲಿ 'ಸಾಕು' ಎಂಬ ಪದ ನೋಡಿ. ಮಗು ಸಾಕು, ದನ ಸಾಕು ಎನ್ನುವುದು ಒಂದು. ಊಟಕ್ಕೆ ಕೂತವನು ಎಲೆಗೆ ಕೈ ಅಡ್ಡ ಹಿಡಿದು ಹೇಳುವುದು ಇನ್ನೊಂದು. ಆಫೀಸಿನ ಮರಾಠಿ ಗೆಳೆಯರಿಗೆ ಕನ್ನಡ ಕಲಿಸುವಾಗ ಇದನ್ನು ಹೇಳಿ ನಗಿಸುತ್ತಿದ್ದೆ. ಆಗ ಗಮನಿಸದೆ ಹೋದದ್ದೆಂದರೆ, ಎರಡನೆಯ ಸಾಕನ್ನು ಹೇಳಬೇಕಾದವನು ಉಣ್ಣುವವನು, ಬಡಿಸುವವನಲ್ಲ. ಗುಂಡನಿಗೆ ಎಲೆಗೆ ಅಡ್ಡ ಹಿಡಿಯಲು ಕೈ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ, 2012ರ ಕೊನೆಗೆ, ಅಮ್ಮನನ್ನು ಡೊಂಬಿವಲಿಗೆ ಕರೆದುಕೊಂಡು ಬಂದೆವು. ತಮ್ಮ ಊರಲ್ಲೇ ಇದ್ದ. ಆದರೂ ಹಿರಿಮಗ ನಾನು, ಆಸ್ಪತ್ರೆ ಇಲ್ಲಿ ಹತ್ತಿರ, ಎಂದೆಲ್ಲ ನಾನೇ ಹಟ ಹಿಡಿದೆ. ಬಂದ ದಿನವೇ ತೊಟ್ಟಿಯ ಮುಂದೆ ನಿಂತು, "ಇದನ್ನ ಎಂತಕ್ಕೆ ಕೂಡಿ ಹಾಕಿದೀಯ ಮಾರಾಯ?" ಅಂದಳು. ಕ್ಲೋರಿನ್, ಎರೆಹುಳ, ಚಿಮುಟ ಎಲ್ಲ ವಿವರಿಸಿದೆ. "ಹೊಟ್ಟೆಯಿಂದ ನೀರು ಕುಡೀತದಾ!" ಎಂದು ಬೆರಗುಪಟ್ಟಳು. ಆಮೇಲೆ, "ಅದೆಲ್ಲ ಸೈ. ನಾ ಕೇಳಿದ್ದಕ್ಕೆ ಉತ್ರ ಅಲ್ಲ" ಅಂದಳು.

2013ರ ಜೂನಿನಲ್ಲಿ ಮಳೆ ಹಿಡಿದ ಮೊದಲ ವಾರ. ರಾತ್ರಿ ಹನ್ನೊಂದರ ಹೊತ್ತಿಗೆ ಮನೆಯೊಳಗಿಂದ ಕುರ್‌ರ್‌ರ್ ಎಂದು ನೀಳವಾದ ಸದ್ದು. ಫ್ಯಾನು ಕೆಟ್ಟಿತು ಅಂದುಕೊಂಡು ಎದ್ದೆ. ತೊಟ್ಟಿಯಲ್ಲಿ ಗುಂಡ ನೀರಿನ ತಟ್ಟೆಯೊಳಗೆ ಮುಂಗಾಲು ಊರಿ, ಎದೆ ಎತ್ತಿ ಕೂತಿದ್ದ. ಗಂಟಲು ಬಲೂನಿನ ಹಾಗೆ ಉಬ್ಬಿತ್ತು. ಅಂದರೆ ಗಂಡು, ಎರಡು ವರ್ಷದಲ್ಲಿ ಪ್ರಾಯಕ್ಕೆ ಬಂದಿತ್ತು. ಹತ್ತು ಸೆಕೆಂಡು ಕೂಗುವುದು, ನಿಲ್ಲಿಸುವುದು, ಮತ್ತೆ ಕೂಗುವುದು. ಮಗಳು ಕಣ್ಣುಜ್ಜಿಕೊಂಡು ಬಂದು, "ಗುಂಡ ಖುಷಿಯಾಗಿ ಹಾಡ್ತಿದಾನೆ" ಅಂದಳು. ಎದುರು ಮನೆಯ ಕಾಕುಗೂ ಕೇಳಿಸಿತ್ತು. ಬೆಳಿಗ್ಗೆ ನಗುತ್ತಾ, "ತುಮಚಾ ಬೇಡೂಕ್ ಕಾಯ್ ಮ್ಹಣತೋ?" ನಿಮ್ಮ ಕಪ್ಪೆ ಏನನ್ನುತ್ತದೆ, ಎಂದು ಕೇಳಿದರು.

ಏನನ್ನುತ್ತದೆ ಎಂಬುದು ಊರಲ್ಲಿ ಬೆಳೆದ ನನಗೆ ಗೊತ್ತಿತ್ತು. ಗಂಡುಗಳು ಹೊಂಡದ ಅಂಚಿನಲ್ಲಿ ಕೂತು ಹೆಣ್ಣನ್ನು ಕರೆಯುವ ಕೂಗು ಅದು. ಊರಿನ ಹೊಂಡದಲ್ಲಿ ನೂರಾರು ಒಟ್ಟಿಗೆ ಕೂಗುವಾಗ ಅದು ಮಳೆಗಾಲದ ಸದ್ದು. ಒಂದೇ ಕೂಗಿದಾಗ ಅದು ಬೇರೆ. ಇನ್ನೊಂದು ಪ್ರಾಣಿ ಕೇಳಿಸಿಕೊಳ್ಳಲೆಂದೇ ಇರುವ ಆ ಸದ್ದನ್ನು ಕೇಳಿದವರು ನಾವು, ಲಿಫ್ಟು, ಪಕ್ಕದ ಮನೆಯ ಟೀವಿ. ನಾಲ್ಕು ರಾತ್ರಿ ಕೂಗಿತು. ಐದನೆಯ ರಾತ್ರಿ ಸುಮ್ಮನಾಯಿತು. ಅದಕ್ಕೆ ದುಃಖವಾಯಿತೋ ಇಲ್ಲವೋ, ಕಪ್ಪೆಯ ದುಃಖದ ಬಗ್ಗೆ ನಾನು ಏನು ಹೇಳಿದರೂ ಅದು ನನ್ನ ದುಃಖದ ಕತೆಯೇ ಆಗುತ್ತದೆ. ಆದರೆ ದುಃಖ ಇರಲಿ ಬಿಡಲಿ, ಅದರ ಬದುಕಿನ ಮುಖ್ಯವಾದ ಕೆಲಸವೊಂದನ್ನು ನಾನು ತಪ್ಪಿಸಿದ್ದೆ. ಹುಳ, ನೀರು, ಮಣ್ಣು ಎಲ್ಲ ಸರಿಯಾಗಿ ಕೊಟ್ಟೇ ತಪ್ಪಿಸಿದ್ದೆ.

ಪರದೇಶಿಗಳಾದ ನಾವು ಇಂಥ ಕಡೆ ಒಂದು ಹೋಲಿಕೆಯನ್ನು ಮಾಡಿಕೊಂಡುಬಿಡುತ್ತೇವೆ. ನಾನೂ ಮಾಡಿದೆ. ಕರ್ನಾಟಕ ಸಂಘದ ಒಂದು ಸಭೆಯಲ್ಲಿ 'ನಾವೆಲ್ಲ ತೊಟ್ಟಿಯ ಕಪ್ಪೆಗಳು' ಎಂದು ಮಾತಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಈಗ ಆ ಭಾಷಣ ನೆನೆದರೆ ನಾಚಿಕೆಯಾಗುತ್ತದೆ. ನಾನು ಇಲ್ಲಿಗೆ ಬಂದದ್ದು ಅರ್ಜಿ ಹಾಕಿ, ಸಂದರ್ಶನ ಕೊಟ್ಟು, ಟಿಕೆಟ್ ತೆಗೆಸಿಕೊಂಡು. ಗೋಣಿಚೀಲದಲ್ಲಿ ಬಂದದ್ದಲ್ಲ.

ಅಮ್ಮನಿಗೆ ಆ ಭಾಷಣದ ಸುದ್ದಿ ಸಿಕ್ಕಿತ್ತು. ಆ ಮಳೆಯ ದಿನಗಳಲ್ಲೇ ಒಮ್ಮೆ ನಾನು, "ನಿನಗೂ ಇಲ್ಲಿ ಹೀಗೇ ಅನ್ಸತ್ತಾ ಅಮ್ಮ?" ಎಂದು ಕೇಳಿಯೂಬಿಟ್ಟೆ.

"ನನ್ನ ಕಪ್ಪೆ ಮಾಡ್ಬೇಡ. ನಂಗೆ ಬಾಯಿ ಉಂಟು. ಹೋಗ್ತೀನಿ ಅಂದ್ರೆ ಬಸ್ ಹತ್ತಿಸ್ತೀಯ. ಅದು ಎಂತ ಹೇಳ್ತದೆ?" ಸ್ವಲ್ಪ ಹೊತ್ತು ಬಿಟ್ಟು ಶೃಂಗೇರಿಯ ಕಪ್ಪೆ ಶಂಕರನ ಕತೆ ತೆಗೆದಳು. ತುಂಗೆಯ ದಡದಲ್ಲಿ ಉರಿಬಿಸಿಲಿಗೆ ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಕಂಡು ಶಂಕರಾಚಾರ್ಯರು ಅಲ್ಲೇ ಪೀಠ ಮಾಡಿದರು ಎಂಬ ಕತೆ ನಿಮಗೆಲ್ಲ ಗೊತ್ತಿರುವುದೇ. ಹುಟ್ಟುವೈರವನ್ನೂ ಮರೆಸುವ ಜಾಗ ಎಂದು ಅದರ ಅರ್ಥ ಹೇಳುತ್ತಾರೆ. ಅಮ್ಮ ಹೇಳಿದ್ದು ಬೇರೆ: "ಹಾವು ನೆರಳು ಹಿಡೀತು. ಹಿಡಿದು, ಅದರ ಪಾಡಿಗೆ ಹೋಯ್ತು. ಕಪ್ಪೇನ ಹುತ್ತಕ್ಕೆ ಕರ್ಕೊಂಡು ಹೋಗ್ಲಿಲ್ಲ."

ಆ ರಾತ್ರಿಯೇ ವಾಪಸು ಬಿಡುವ ನಿರ್ಧಾರ ಮಾಡಿದೆ. ಎಲ್ಲಿ ಬಿಡುವುದು? ಡೊಂಬಿವಲಿಯಲ್ಲೂ ಇದೇ ಜಾತಿಯ ಕಪ್ಪೆಗಳಿವೆ, ಇಲ್ಲೇ ಬಿಟ್ಟರಾಗದೇ ಎಂದಳು ಹೆಂಡತಿ. ಊರಿಗೇ ಒಯ್ಯಬೇಕು ಎಂದೆ ನಾನು. ಎರಡಕ್ಕೂ ವೈದ್ಯರು ಬೇಡವೆಂದರು. ಕಪ್ಪೆಗಳ ಚರ್ಮಕ್ಕೆ ತಗುಲುವ ಕೈಟ್ರಿಡ್ ಎಂಬ ಶಿಲೀಂಧ್ರವಿದೆ. ಬೂಷ್ಟಿನ ಬಳಗದ್ದು. ಚರ್ಮದಿಂದಲೇ ನೀರು, ಉಸಿರು ಎರಡನ್ನೂ ಪಡೆಯುವ ಪ್ರಾಣಿಗೆ ಚರ್ಮ ಕೆಟ್ಟರೆ ಉಳಿಗಾಲವಿಲ್ಲ. ಇದರಿಂದ ಜಗತ್ತಿನಾದ್ಯಂತ ಐನೂರಕ್ಕೂ ಹೆಚ್ಚು ಉಭಯವಾಸಿ ಜಾತಿಗಳು ಕುಸಿದಿವೆ, ತೊಂಬತ್ತು ಜಾತಿಗಳು ನಿರ್ನಾಮವಾಗಿರಬಹುದು ಎಂದು ಮುಂದೆ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದು ಹರಡುವುದರಲ್ಲಿ ಮನುಷ್ಯರು ಕಪ್ಪೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದ್ದರ ಪಾಲು ದೊಡ್ಡದು. ಮೀನಿನ ತೊಟ್ಟಿ, ಅಂಗಡಿಯ ಮಣ್ಣು, ಪೇಟೆಯ ನೀರಿನಲ್ಲಿ ಎರಡು ವರ್ಷ ಇದ್ದ ಕಪ್ಪೆ ಮೈಮೇಲೆ ಏನನ್ನು ಹೊತ್ತಿದೆಯೋ ಯಾರು ಬಲ್ಲರು. ಅದನ್ನು ಬೇರೆಲ್ಲೂ ಇಲ್ಲದ ಎಷ್ಟೋ ಕಪ್ಪೆಗಳಿರುವ ಪಶ್ಚಿಮಘಟ್ಟಕ್ಕೆ ಕೊಂಡುಹೋಗಿ ಬಿಡುವುದು ಉಪಕಾರವಲ್ಲ ಎಂದರು.

ಒಂದು ಕಪ್ಪೆಯಿಂದ ಏನಾಗುತ್ತದೆ ಎಂದು ವಾದಿಸಿದೆ. ಅದಕ್ಕೆ ಉತ್ತರ ಮರುವರ್ಷ ಪತ್ರಿಕೆಯಲ್ಲೇ ಸಿಕ್ಕಿತು. 2014ರಲ್ಲಿ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದ ಬಂದರೊಂದರ ಸುತ್ತ ಹೊಸ ನೆಲಗಪ್ಪೆ ಕಂಡಿತ್ತು. ನಮ್ಮ ಗುಂಡನ ಜಾತಿಯೇ. ಹಡಗಿನ ಸರಕಿನೊಳಗೆ ಸೇರಿಕೊಂಡು ಏಷ್ಯಾದಿಂದ ಹೋಗಿರಬೇಕು, ನನ್ನ ಗೋಣಿಚೀಲದಲ್ಲಿ ಬಂದ ಹಾಗೇ. ಅಲ್ಲಿಯ ಹಾವು, ಹಕ್ಕಿಗಳಿಗೆ ಈ ಕಪ್ಪೆಯ ಕಣ್ಣಿನ ಹಿಂದಿನ ಉಬ್ಬಿನಲ್ಲಿರುವ ವಿಷದ ಅಭ್ಯಾಸವಿಲ್ಲ. ತಿಂದರೆ ಸಾಯುತ್ತವೆ. ನಮ್ಮ ಗದ್ದೆಗಳ ಗೂಳಿಕಪ್ಪೆ ಅಂಡಮಾನಿಗೆ ಹೋಗಿ ಅಲ್ಲಿ ಪೀಡೆಯಾದದ್ದೂ ಹೀಗೇ. ನಮ್ಮಲ್ಲಿ ಸಾಧುವಾಗಿದ್ದದ್ದು ಜಾಗ ಬದಲಾದರೆ ಕೊಲೆಗಾರ. ಅದರ ತಪ್ಪೇನೂ ಇಲ್ಲದೆ.

ಅಂದರೆ ಇಟ್ಟುಕೊಂಡರೂ ತಪ್ಪು, ಬಿಟ್ಟರೂ ತಪ್ಪು. ಚೀಲ ಸುರಿದ ವಾರವೇ ಅದೇ ಮಣ್ಣಿನಲ್ಲಿಟ್ಟು ಊರಿಗೆ ಹೋಗುವ ಯಾರ ಕೈಯಲ್ಲಾದರೂ ಕಳಿಸಿದ್ದರೆ ಇಷ್ಟು ಗೋಜಲಾಗುತ್ತಿರಲಿಲ್ಲ. ಆಗ ನನ್ನ ಕೈಯಲ್ಲಿದ್ದ ಆ ವಾರ ಹೋಯಿತು. ಪ್ರೀತಿಯಿಂದ ಮಾಡಿದ ತಪ್ಪನ್ನು ಪ್ರೀತಿಯಿಂದಲೇ ಅಳಿಸಿಬಿಡಬಹುದು ಎಂದುಕೊಂಡಿರುತ್ತೇವೆ. ಕೆಲವನ್ನು ಅಳಿಸಲು ಬರುವುದಿಲ್ಲ, ಉಸ್ತುವಾರಿ ಮಾಡಬಹುದು ಅಷ್ಟೆ. ದೊಡ್ಡ ತೊಟ್ಟಿ ತಂದೆ. ಮಣ್ಣನ್ನು ಆರು ಇಂಚಿಗೆ ಏರಿಸಿದೆ. ಪ್ರತಿ ಜೂನಿನಲ್ಲೂ ಅದು ಕೂಗುತ್ತಿತ್ತು, ನಾವು ಕೇಳುತ್ತಿದ್ದೆವು. ಆ ಕೂಗು ತಪ್ಪಿಸಿಕೊಳ್ಳಲು ಟೀವಿ ಜೋರು ಮಾಡಬಾರದು ಎಂದು ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ. ಅದರಿಂದ ಗುಂಡನಿಗೇನೂ ಲಾಭವಿರಲಿಲ್ಲ.

ಅಮ್ಮ 2015ರ ಮಾರ್ಚಿನಲ್ಲಿ ಊರಿಗೆ ಹೋಗ್ತೀನಿ ಅಂದಳು. ಬೇಸಿಗೆ, ಪ್ರಯಾಣ ಕಷ್ಟ, ಮಳೆ ಬೀಳಲಿ ಎಂದೆ. ಮಳೆ ಬಿದ್ದ ಮೇಲೆ ಕೇಳಿದಳು. ಘಾಟಿಯಲ್ಲಿ ಗುಡ್ಡ ಕುಸಿಯುತ್ತದೆ, ಮಳೆ ನಿಲ್ಲಲಿ ಎಂದೆ. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಇಲ್ಲಿಯ ಡಾಕ್ಟರು ಎಂದು ಹೇಳಿದ್ದೆಲ್ಲ ನಿಜವೇ. ಮೂರನೆಯ ಸಲ ಅವಳು ಕೇಳಲಿಲ್ಲ. ದಸರೆಯ ಹಿಂದಿನ ದಿನ ಆಫೀಸಿನಿಂದ ಬಂದಾಗ ಬಾಗಿಲ ಪಕ್ಕ ಅವಳ ಚೀಲ ಇತ್ತು, ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. "ಬಾಯಿ ಉಂಟು ಅಂದಿದ್ದೆ ನಿಂಗೆ" ಎಂದಳು. ಸಿಟ್ಟಿರಲಿಲ್ಲ. ಅವತ್ತು ರಾತ್ರಿಯೇ ಬಸ್ಸು ಹತ್ತಿಸಿದೆ. ಊರಲ್ಲಿ ತಮ್ಮನ ಜೊತೆ ಇನ್ನೂ ಮೂರು ಮಳೆಗಾಲ ಕಂಡಳು. ಇಲ್ಲೇ ಇದ್ದಿದ್ದರೆ ಐದು ಕಾಣುತ್ತಿದ್ದಳೇನೋ, ಆ ಲೆಕ್ಕವನ್ನು ನಾನು ಈಗಲೂ ಒಮ್ಮೊಮ್ಮೆ ಮಾಡುತ್ತೇನೆ. ಮಾಡಿದಾಗೆಲ್ಲ, ಲೆಕ್ಕ ಇಡುವವನು ಬಡಿಸುವವನೇ ಅಲ್ಲವೇ ಎನ್ನಿಸಿ ನಿಲ್ಲಿಸುತ್ತೇನೆ.

ಗುಂಡ 2019ರ ಚಳಿಗಾಲದಲ್ಲಿ ಸತ್ತ. ಮಗಳು ಆಗ ಕಾಲೇಜಿಗೆ ಬಂದಿದ್ದಳು, ಅತ್ತಳು. ಮಣ್ಣು ಮಾಡುವುದಕ್ಕೂ ಇಲ್ಲಿ ನಮಗೆ ನೆಲವಿಲ್ಲ. ಡೇರೆಯ ಕುಂಡದಲ್ಲೇ ಹುಗಿದೆವು.

ಈಗ ಮಗಳ ಪ್ರಶ್ನೆ. ಊರೇ ಇಲ್ಲದ ಕಪ್ಪೆ. ವಾರವಿಡೀ ಅದನ್ನೇ ಯೋಚಿಸಿದೆ. ಅವಳ ಮಾತಿನಲ್ಲಿ ತೂಕವಿದೆ. ಕಾಡಿನಿಂದ ಒಂದೂ ಕಪ್ಪೆ ಕಡಿಮೆಯಾಗುವುದಿಲ್ಲ. ಈ ಜಾತಿ ತಾನಾಗಿಯೂ ಅಲೆದಾಡುವುದು ಕಡಿಮೆ, ಎರಡಡಿ ತೊಟ್ಟಿ ಅದಕ್ಕೆ ನಮಗೆ ಕಾಣುವಷ್ಟು ಇಕ್ಕಟ್ಟಲ್ಲ. ಆದರೆ ಆ ಕಪ್ಪೆಗೆ ಹೂತುಕೊಳ್ಳುವುದನ್ನು ಯಾರೂ ಕಲಿಸಿಲ್ಲ, ಪುಡಿ ಸಿಕ್ಕ ಕೂಡಲೇ ಹಿಂಗಾಲಿನಿಂದ ತೋಡುತ್ತದೆ. ಒಣ ಹವೆ ಬಂದರೆ ಉದುರಿಸಿದ ಚರ್ಮದ ಪದರಗಳನ್ನೇ ಸುತ್ತಿಕೊಂಡು ನೆಲದೊಳಗೆ ಮಲಗುತ್ತದೆ, ಅದರ ಬಯಲಿನಲ್ಲಿ ಒಣಗಾಲವಿಡೀ ಮಲಗುವ ಹಾಗೆ. ಮರಿ ಮಾಡಿಸುವವರು ಅದನ್ನು ಹಾಗೆ ಒಣಗಿಸಿ, ಆಮೇಲೆ ಪೆಟ್ಟಿಗೆಯೊಳಗೆ ಕೃತಕ ಮಳೆ ಸುರಿಸುತ್ತಾರೆ. ಎಷ್ಟು ತಲೆಮಾರು ಡಬ್ಬಿಯಲ್ಲಿ ಹುಟ್ಟಿದರೂ ಮಳೆ ಅದಕ್ಕೆ ಮಳೆಯೇ. ಊರಿಲ್ಲ ಎಂಬುದು ನಾವು ಅದಕ್ಕೆ ಬರೆದುಕೊಟ್ಟ ವಿಳಾಸ. ಹಾಗಂತ ಅಂಗಡಿಯ ಡಬ್ಬಿಯಲ್ಲೇ ಅದು ಇರಲಿ ಎನ್ನಲೂ ಮನಸ್ಸು ಬರುವುದಿಲ್ಲ. ಕೊಂಡರೆ ಆ ಡಬ್ಬಿಗೆ ನಾಳೆಯೇ ಇನ್ನೊಂದು ಬರುತ್ತದೆ ಎಂಬುದೂ ಗೊತ್ತು.

ಫೋನು ಮಾಡಿ ಇಷ್ಟನ್ನೂ ಹೇಳಿದೆ. "ನನ್ನನ್ನು ಕೇಳಿದರೆ ಬೇಡ" ಎಂದೆ. ಅವಳು ಎದುರು ವಾದಿಸಲಿಲ್ಲ. "ಆ ಡಬ್ಬೀಲಿರೋದು ಏನಾಗತ್ತೆ ಹಾಗಾದ್ರೆ?" ಎಂದು ಕೇಳಿದಳು. ನಾನು ಏನೂ ಹೇಳಲಿಲ್ಲ. ಅಜ್ಜಿಯಾಗಿದ್ದರೆ ಏನನ್ನುತ್ತಿದ್ದಳು ಎಂದು ಕೇಳಿದಳು. ಅದಕ್ಕೂ ಹೇಳಲಿಲ್ಲ. ಸ್ವಲ್ಪ ಹೊತ್ತು ಆಫೀಸಿನ ವಿಷಯ ಮಾತಾಡಿ ಇಟ್ಟೆವು.

ನಿನ್ನೆ ರಾತ್ರಿ ಅವಳಿಂದ ಒಂದು ಫೋಟೋ ಬಂತು. ಎರಡಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಸ್ವಲ್ಪ ನಾರಿನ ಪುಡಿ, ಒಂದು ಒಡೆದ ಕುಂಡದ ಚೂರು. ಕಪ್ಪೆ ಕಾಣಲಿಲ್ಲ, ಇನ್ನೂ ತಂದಿಲ್ಲವೋ, ಒಳಗೆ ಹೂತುಕೊಂಡಿದೆಯೋ ತಿಳಿಯಲಿಲ್ಲ. ಕೆಳಗೆ ಒಂದೇ ಸಾಲು: "ಪುಡಿ ಎಷ್ಟು ಇಂಚು ಇರ್ಬೇಕಪ್ಪ?"

"ನಾಲ್ಕಾದರೂ ಹಾಕು" ಎಂದು ಬರೆದೆ. "ನಳದ ನೀರು ನೇರ ಹಾಕಬೇಡ."